ಕೋಶ ವಿಭಜನೆ: ಆರ್‌ಎನ್‌ಎ ಪಾತ್ರಕ್ಕೆ ಪುರಾವೆ ಬೇಕು

ಮನುಷ್ಯನ ಜೀವಕೋಶವೊಂದು ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಒಂದೇ ಒಂದು ಸಲ ನಕಲು ಮಾಡಿಕೊಂಡು, ಅದರಲ್ಲಿನ ದೋಷಗಳನ್ನು ಸರಿಪಡಿಸಿ, 46 ವರ್ಣತಂತುಗಳ ಪ್ರತಿಗಳನ್ನು ಎರಡು ಮರಿಕೋಶಗಳಿಗೂ ಸಮನಾಗಿ ಹಂಚಬೇಕು. ಈ ಕ್ರಮವನ್ನು ಮುನ್ನಡೆಸುವ ಸೈಕ್ಲಿನ್ ಮತ್ತು ಸಿಡಿಕೆ ಪ್ರೋಟೀನ್‌ಗಳ ಕೆಲಸವನ್ನು ಬಿಡಿಸಿಟ್ಟ ಲೆಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್ ಹಾಗೂ ಪಾಲ್ ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂದಾಗ, ಕೋಶ ವಿಭಜನೆಯ ನಿಯಂತ್ರಣವೆಂದರೆ ಬಹುಮಟ್ಟಿಗೆ ಪ್ರೋಟೀನ್‌ಗಳ ಕಥೆಯೇ ಆಗಿತ್ತು. ಆ ಬಳಿಕ ಈ ಕಥೆಯೊಳಗೆ ಬಂದದ್ದು ಉದ್ದ ನಾನ್‌ಕೋಡಿಂಗ್ ಆರ್‌ಎನ್‌ಎಗಳು, ಅಂದರೆ ಡಿಎನ್‌ಎಯಿಂದ ಪ್ರತಿಯಾಗಿ ಇಳಿದರೂ ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತಿರದ, ಸಾಮಾನ್ಯವಾಗಿ 200ಕ್ಕಿಂತ ಹೆಚ್ಚು ನ್ಯೂಕ್ಲಿಯೋಟೈಡ್‌ಗಳಿರುವ ಅಣುಗಳು.

ಇವುಗಳಲ್ಲಿ ಅತ್ಯಂತ ಮನದಟ್ಟಾಗುವ ಉದಾಹರಣೆ ನೊರಾಡ್. ಸುಮಾರು 5,300 ನ್ಯೂಕ್ಲಿಯೋಟೈಡ್‌ಗಳಷ್ಟು ಉದ್ದದ ಈ ಆರ್‌ಎನ್‌ಎ, ಡಿಎನ್‌ಎಗೆ ಹಾನಿಯಾದಾಗ ಹೆಚ್ಚುತ್ತದೆ. ಇದನ್ನು ತೆಗೆದುಹಾಕಿದರೆ ವರ್ಣತಂತುಗಳ ಹಂಚಿಕೆ ತಪ್ಪಿ ಮರಿಕೋಶಗಳಲ್ಲಿ ಅವುಗಳ ಸಂಖ್ಯೆ ಏರುಪೇರಾಗುತ್ತದೆ ಎಂಬುದನ್ನು ಡಲ್ಲಾಸ್‌ನ ಜೋಶುವಾ ಮೆಂಡೆಲ್ ಅವರ ಪ್ರಯೋಗಾಲಯ 2016ರಲ್ಲಿ ತೋರಿಸಿತು. ಡಿಎನ್‌ಎ ದುರಸ್ತಿಗೂ ವಿಭಜನೆಗೂ ಬೇಕಾದ ಪ್ರೋಟೀನ್‌ಗಳ ಸಂದೇಶವಾಹಕ ಆರ್‌ಎನ್‌ಎಗಳಿಗೆ ಅಂಟಿಕೊಂಡು ಅವುಗಳ ಆಯುಷ್ಯವನ್ನು ಮೊಟಕುಗೊಳಿಸುವ ಪುಮಿಲಿಯೊ ಎಂಬ ಪ್ರೋಟೀನ್‌ಗಳಿವೆ. ನೊರಾಡ್ ತನ್ನ ಮೈಯುದ್ದಕ್ಕೂ ಇರುವ ಹದಿನೈದಕ್ಕೂ ಹೆಚ್ಚು ತಾಣಗಳಲ್ಲಿ ಈ ಪುಮಿಲಿಯೊಗಳನ್ನು ಹಿಡಿದಿಟ್ಟು ಅವುಗಳಿಗೆ ಕಡಿವಾಣ ಹಾಕುತ್ತದೆ. ಕೋಶದಲ್ಲಿ ನೊರಾಡ್ ಪ್ರತಿಗಳ ಸಂಖ್ಯೆ ಕೆಲವು ನೂರರಿಂದ ಸಾವಿರದ ಆಸುಪಾಸಿನದು, ಇಷ್ಟರಿಂದಲೇ ಅಷ್ಟೊಂದು ಪುಮಿಲಿಯೊ ಹೇಗೆ ಕಟ್ಟುಬೀಳುತ್ತದೆ ಎಂಬ ನ್ಯಾಯವಾದ ಪ್ರಶ್ನೆಗೆ 2021ರಲ್ಲಿ ಉತ್ತರ ದೊರೆಯಿತು: ನೊರಾಡ್ ಸುತ್ತ ಪುಮಿಲಿಯೊಗಳು ಹನಿಯಂತೆ ಗುಂಪುಗೂಡಿ, ನೇರವಾಗಿ ಅಂಟಿದವುಗಳಿಗಿಂತ ಎಷ್ಟೋ ಹೆಚ್ಚು ಪ್ರೋಟೀನ್ ಅಲ್ಲಿ ಸೆರೆಯಾಗುತ್ತದೆ.

ನೊರಾಡ್‌ಗೆ ಮನ್ನಣೆ ಸಲ್ಲಬೇಕಾದದ್ದು ಅದು ಎದುರಿಸಿದ ಪರೀಕ್ಷೆಯಿಂದಾಗಿ. ಅದು ಕೋಶಕೇಂದ್ರದಲ್ಲಿ ಆರ್‌ಬಿಎಂಎಕ್ಸ್ ಎಂಬ ಬೇರೊಂದು ಪ್ರೋಟೀನಿನ ಮೂಲಕ ಕೆಲಸ ಮಾಡುತ್ತದೆ ಎಂಬ ವಾದ 2018ರಲ್ಲಿ ಬಂದಾಗ, ನೊರಾಡ್ ಇಲ್ಲದ ಕೋಶಗಳಿಗೆ ಅದರ ಬಗೆಬಗೆಯ ರೂಪಗಳನ್ನು ಮರಳಿ ಕೊಟ್ಟು ನೋಡಲಾಯಿತು. ಆರ್‌ಬಿಎಂಎಕ್ಸ್ ತಾಣವಿಲ್ಲದ ರೂಪವೂ ಕೋಶವನ್ನು ಸರಿಪಡಿಸಿತು, ಪುಮಿಲಿಯೊ ತಾಣಗಳು ಕೆಟ್ಟ ರೂಪಕ್ಕೆ ಅದು ಸಾಧ್ಯವಾಗಲಿಲ್ಲ.

ಲಿಂಕ್‌ಆರ್‌ಎನ್‌ಎ-ಪಿ21 ಎಂಬ ಮತ್ತೊಂದು ಉದ್ದ ನಾನ್‌ಕೋಡಿಂಗ್ ಆರ್‌ಎನ್‌ಎಯ ಇತಿಹಾಸ ಇದಕ್ಕೆ ವಿರುದ್ಧ ದಿಕ್ಕಿನದು. ಗಡ್ಡೆಗಳನ್ನು ತಡೆಯುವ ಪಿ53 ಪ್ರೋಟೀನಿನ ಆಜ್ಞೆಯಂತೆ ದೂರದ ಅನೇಕ ವಂಶವಾಹಿಗಳನ್ನು ಈ ಆರ್‌ಎನ್‌ಎ ಅಡಗಿಸುತ್ತದೆ ಎಂದು 2010ರಲ್ಲಿ ವರದಿಯಾಗಿತ್ತು. ವಿಭಜನೆಗೆ ತಡೆಯೊಡ್ಡುವ ನೆರೆಯ ಪಿ21 ವಂಶವಾಹಿಯೇ ಅದರ ಗುರಿ ಎಂಬ ವಾದ 2014ರಲ್ಲಿ ಬಂತು. 2016ರಲ್ಲಾದರೋ ಅಲ್ಲಿನ ಪ್ರಭಾವಕ್ಕೆ ಆರ್‌ಎನ್‌ಎ ಅಣುವಿನ ಅಗತ್ಯವೇ ಇಲ್ಲವೆಂದೂ, ಆ ಜಾಗದ ಡಿಎನ್‌ಎ ತುಣುಕುಗಳೇ ನೆರೆಯ ವಂಶವಾಹಿಗಳನ್ನು ಪ್ರಚೋದಿಸುತ್ತವೆಂದೂ ತೋರಿಬಂತು. ಮೊದಲ ವರದಿಯಲ್ಲಿದ್ದ ಜಾನ್ ರಿನ್ ಅವರ ತಂಡದಿಂದಲೇ ಈ ತಿದ್ದುಪಡಿಯೂ ಬಂದದ್ದು ವಿಜ್ಞಾನದ ಆರೋಗ್ಯಕ್ಕೆ ಸಾಕ್ಷಿ.

ಕ್ರಿಸ್‌ಪರ್ ತಂತ್ರ ಬಳಸಿ ಇಂತಹ ಆರ್‌ಎನ್‌ಎಗಳು ಹುಟ್ಟುವ 16,401 ಡಿಎನ್‌ಎ ತಾಣಗಳನ್ನು ಏಳು ಬಗೆಯ ಕೋಶಗಳಲ್ಲಿ ಅದುಮಿ ನೋಡಿದ 2017ರ ಅಧ್ಯಯನದಲ್ಲಿ, ಬೆಳವಣಿಗೆಗೆ ಅಗತ್ಯವೆಂದು ಕಂಡವು 499 ಮಾತ್ರ. ಅವುಗಳಲ್ಲೂ ಶೇ 89ರಷ್ಟು ಒಂದೇ ಬಗೆಯ ಕೋಶದಲ್ಲಿ ಪರಿಣಾಮ ತೋರಿದವು. ಆರೋಗ್ಯವಂತ ಕೋಶಗಳನ್ನು ಕೆಣಕದೆ ಕ್ಯಾನ್ಸರ್ ಕೋಶಗಳ ವಿಭಜನೆಯನ್ನಷ್ಟೇ ತಡೆಯುವ ಔಷಧದ ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಈ ತಂತ್ರವೂ ಇಡೀ ತಾಣವನ್ನೇ ಮುಚ್ಚುವುದರಿಂದ, ಪರಿಣಾಮ ಆರ್‌ಎನ್‌ಎಯದೋ ಅಥವಾ ಆ ಜಾಗದ ಡಿಎನ್‌ಎಯದೋ ಎಂಬುದನ್ನು ಬೇರ್ಪಡಿಸಿ ಹೇಳಲಾರದು.

ಗಡ್ಡೆಯೊಂದರಲ್ಲಿ ಯಾವುದೋ ಆರ್‌ಎನ್‌ಎ ಪ್ರಮಾಣ ಏರಿದೆ ಎಂಬಷ್ಟನ್ನೇ ಹಿಡಿದು ಅದನ್ನು ಕೋಶ ವಿಭಜನೆಯ ನಿಯಂತ್ರಕವೆಂದು ಕರೆಯುವ ಪ್ರಬಂಧಗಳು ಇಂದು ಮಿತಿಮೀರಿವೆ. ಅಣುವನ್ನು ತೆಗೆದು, ಮರಳಿ ಕೊಟ್ಟು, ಅದರ ಯಾವ ಭಾಗ ಕೆಲಸ ಮಾಡುತ್ತದೆಂದು ತೋರಿಸುವವರೆಗೆ ಅಂತಹ ಪ್ರತಿಪಾದನೆಯನ್ನು ಸಂಶೋಧನಾ ಪತ್ರಿಕೆಗಳು ಒಪ್ಪಬಾರದು, ಅನುದಾನ ನೀಡುವವರು ಅದನ್ನು ಚಿಕಿತ್ಸೆಯ ಭರವಸೆಯಾಗಿ ಎಣಿಸಬಾರದು.