ಮಿತವ್ಯಯವು ಯಾರ ಧರ್ಮ?

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಹೇಳದ ಗೃಹಸ್ಥನು ಕನ್ನಡನಾಡಿನಲ್ಲಿ ಪ್ರಾಯಶಃ ಇಲ್ಲ. ತಿಂಗಳ ಕೊನೆಯ ವಾರದಲ್ಲಂತೂ ಅದು ಮನೆಮನೆಯಲ್ಲಿಯೂ ನಿತ್ಯಪಾರಾಯಣದ ಮಂತ್ರವಾಗಿಬಿಡುತ್ತದೆ. ಗಾದೆಯಲ್ಲಿ ದೋಷವೇನೂ ಇಲ್ಲ. ದೋಷವಿರುವುದು ಅದನ್ನು ಉಪಯೋಗಿಸುವ ರೀತಿಯಲ್ಲಿ. ಹಾಸಿಗೆಯ ಉದ್ದವೆಷ್ಟೆಂಬುದು ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಕಾಲು ಮಡಿಸಿಕೊಳ್ಳತಕ್ಕವರಾದರೋ ಉಳಿದವರೆಲ್ಲರೂ. ಯಜಮಾನನಿಗೆ ಬರುವ ಸಂಬಳವೆಷ್ಟು, ಅದರಲ್ಲಿ ಕಂತುಗಳಿಗೆ ಹೋಗುವುದೆಷ್ಟು, ಕೈಸಾಲವಾಗಿ ಯಾರಿಗೆ ಕೊಟ್ಟಿದ್ದಾನೆ, ಯಾರಿಂದ ತಂದಿದ್ದಾನೆ ಎಂಬುದೊಂದೂ ಗೃಹಿಣಿಗೆ ತಿಳಿಯದು. ಆಕೆಗೆ ತಿಳಿಯುವುದು ಇಷ್ಟೇ: ಈ ತಿಂಗಳು ಎಣ್ಣೆ ಹೆಚ್ಚು ಖರ್ಚಾಯಿತಂತೆ, ಮುಂದಿನ ತಿಂಗಳಿನಿಂದ ಅರ್ಧ ಲೀಟರು ಹಾಲು ಸಾಕಂತೆ.

ಇದನ್ನು ಮಿತವ್ಯಯವೆಂದು ಕರೆಯುವುದು ಆ ಶಬ್ದಕ್ಕೇ ಮಾಡಿದ ಅಪಚಾರ. ಅಳೆಯುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದ ಪದವದು. ಮಿತವೆಂದರೆ ಅಳೆದದ್ದು. ಅಳೆಯದೆಯೇ ಕಡಿಮೆ ಮಾಡಿದ್ದು ಮಿತವಲ್ಲ, ಬರಿಯ ಕೊರತೆ.

ಈ ಪದ್ಧತಿಯನ್ನು ಸಮರ್ಥಿಸುವ ಹಿರಿಯರು ಶಾಸ್ತ್ರದ ಮರೆಹೊಗುವುದುಂಟು. ಪತ್ನಿಯಾದವಳು ವ್ಯಯದಲ್ಲಿ ಕೈ ಬಿಗಿಹಿಡಿದವಳಾಗಿರಬೇಕೆಂದು ಮನುವು ಐದನೆಯ ಅಧ್ಯಾಯದಲ್ಲಿ ವಿಧಿಸಿರುವುದು ಅವರಿಗೆ ಕಂಠಸ್ಥವಾಗಿರುತ್ತದೆ. ಅದೇ ಮನುವು ಒಂಬತ್ತನೆಯ ಅಧ್ಯಾಯದಲ್ಲಿ ಧನದ ಸಂಗ್ರಹಕ್ಕೂ ವ್ಯಯಕ್ಕೂ ಪತ್ನಿಯನ್ನೇ ನಿಯಮಿಸಬೇಕೆಂದು ಹೇಳಿರುವುದು ಮಾತ್ರ ಅವರ ನೆನಪಿಗೆ ಬರುವುದಿಲ್ಲ. ಆ ಮಾತು ಬಂದಿರುವುದು ಸ್ತ್ರೀರಕ್ಷಣೆಯ ಪ್ರಕರಣದಲ್ಲಿ. ಅದರ ಉದ್ದೇಶವು ಇಂದಿನವರಿಗೆ ರುಚಿಸಲಾರದು. ಆದರೆ ವಿಧಿಯು ವಿಧಿಯೇ. ಮೊದಲನೆಯದನ್ನು ಪ್ರಮಾಣವೆಂದು ಎತ್ತಿಹಿಡಿದು ಎರಡನೆಯದನ್ನು ನುಂಗಿಬಿಡುವವರು ಶಾಸ್ತ್ರವನ್ನು ಓದಿದವರಲ್ಲ, ತಮಗೆ ಬೇಕಾದುದನ್ನು ಶಾಸ್ತ್ರದಲ್ಲಿ ಹುಡುಕಿದವರು. ವಾತ್ಸ್ಯಾಯನನ ಗ್ರಂಥವನ್ನು ಲೋಕವು ಬೇರೆ ಕಾರಣಕ್ಕಾಗಿ ಬಲ್ಲುದು. ಅದರ ನಾಲ್ಕನೆಯ ಅಧಿಕರಣವನ್ನು ತೆರೆದು ನೋಡಿದವರು ಕಡಿಮೆ. ವರ್ಷದ ಆದಾಯವನ್ನು ಎಣಿಸಿಕೊಂಡು ಅದಕ್ಕೆ ತಕ್ಕಂತೆ ವ್ಯಯ ಮಾಡುವುದು, ದಿನದಿನದ ಆಯವ್ಯಯವನ್ನು ಕೂಡಿಸಿಡುವುದು, ಇವು ಗೃಹಿಣಿಯ ಕೆಲಸಗಳೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಆದಾಯವನ್ನೇ ತಿಳಿಸದಿದ್ದರೆ ಆಕೆ ಎಣಿಸುವುದು ಏನನ್ನು?

ಇನ್ನು ಲೆಕ್ಕದ ಮಾತಿಗೆ ಬರೋಣ. ಅರ್ಧ ಲೀಟರು ಹಾಲನ್ನು ನಿಲ್ಲಿಸಿದರೆ ತಿಂಗಳಿಗೆ ಸುಮಾರು 700 ರೂಪಾಯಿ ಉಳಿಯಬಹುದು. ಅದೇ ಮನೆಯಲ್ಲಿ ಮಗಳ ಮದುವೆಗೆಂದು 5 ಲಕ್ಷ ರೂಪಾಯಿಗಳನ್ನು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ, ಐದು ವರ್ಷದ ಕಂತಿನ ಮೇಲೆ ತಂದಿದ್ದಾರೆಂದು ಇಟ್ಟುಕೊಳ್ಳಿ. ತಿಂಗಳ ಕಂತು 11,122 ರೂಪಾಯಿ. ಅರವತ್ತು ತಿಂಗಳಿಗೆ ಕಟ್ಟಿದ ಮೊತ್ತ 6,67,000ಕ್ಕೂ ಮೀರಿತು. ಅಂದರೆ ಬಡ್ಡಿಯೊಂದೇ 1,67,000. ಮಕ್ಕಳ ಬಾಯಿಂದ ತಪ್ಪಿಸಿದ ಹಾಲಿನ ಹಣದಿಂದ ಈ ಬಡ್ಡಿಯನ್ನು ತೀರಿಸಬೇಕಾದರೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಬೇಕು. ಅಸಲು ಹಾಗೆಯೇ ಉಳಿಯಿತು. ಮದುವೆಯ ಮಂಟಪದಲ್ಲಿ ಒಂದು ಹೊತ್ತಿನ ಊಟಕ್ಕೆ ಕುಳಿತವರ ಪೈಕಿ ಎಷ್ಟೋ ಜನರ ಹೆಸರು ಕೂಡ ಮನೆಯವರಿಗೆ ತಿಳಿಯದು. ಆ ಖರ್ಚಿಗೆ ಯಜಮಾನನು ಹಿಂದೆಮುಂದೆ ನೋಡಲಿಲ್ಲ. ಹಾಲಿನ ಲೋಟಕ್ಕೆ ಬಂದಾಗ ಮಾತ್ರ ಅರ್ಥಶಾಸ್ತ್ರವು ಜ್ಞಾಪಕಕ್ಕೆ ಬಂದಿತು!

ಮದುವೆಯು ಸಂಸ್ಕಾರ, ಅದರಲ್ಲಿ ಕೈ ಹಿಡಿಯಬಾರದು ಎನ್ನುವ ಪೂರ್ವಪಕ್ಷವೊಂದಿದೆ. ಆಶ್ವಲಾಯನ ಗೃಹ್ಯಸೂತ್ರವು ವಿವಾಹಕ್ಕೆ ಬೇಕಾದುದನ್ನು ಹೇಳಿದೆ: ಅಗ್ನಿ, ಪಾಣಿಗ್ರಹಣ, ಕಲ್ಲನ್ನು ತುಳಿಸುವುದು, ಅರಳಿನ ಹೋಮ, ಏಳು ಹೆಜ್ಜೆ. ವಿದ್ಯುದ್ದೀಪದ ತೋರಣವೂ ಆರತಕ್ಷತೆಯ ಸಿಂಹಾಸನವೂ ಅದರಲ್ಲಿ ಕಾಣಬರುವುದಿಲ್ಲ. ಸಂಸ್ಕಾರವು ಬೇಡವೆನ್ನುವವರಿಗೆ ಕುವೆಂಪು ಅವರು 1966ರಲ್ಲಿ ತಮ್ಮ ಮಗನ ವಿವಾಹದಲ್ಲಿ ತೋರಿದ ಮಂತ್ರಮಾಂಗಲ್ಯದ ಸರಳ ಮಾರ್ಗವಿದೆ. ವೈದಿಕನೂ ಸುಧಾರಕನೂ ಒಂದೇ ತೀರ್ಮಾನಕ್ಕೆ ಬರಬಹುದಾದ ವಿಷಯಗಳು ವಿರಳ, ಇದು ಅಂಥದ್ದೊಂದು. ಹಾಗಾದರೆ ಲಕ್ಷಗಳನ್ನು ಕೇಳುತ್ತಿರುವವರು ಯಾರು? ದೇವರೂ ಅಲ್ಲ, ಋಷಿಗಳೂ ಅಲ್ಲ, ನೆರೆಮನೆಯವರು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದರೆಂದು ಕನ್ನಡಿಗರು ಹೆಮ್ಮೆ ಪಡುವುದು ಯೋಗ್ಯವೇ. ಅದರ ಎರಡನೆಯ ಅಧಿಕರಣದಲ್ಲಿ ಆಯ, ವ್ಯಯ, ನೀವೀ ಎಂದು ಲೆಕ್ಕವನ್ನು ವಿಂಗಡಿಸಿದೆ. ನೀವೀ ಎಂದರೆ ನಮ್ಮ ಶ್ಯಾನುಭೋಗರು ಶಿಲ್ಕು ಎನ್ನುತ್ತಿದ್ದುದು. ಆಷಾಢಮಾಸದಲ್ಲಿ ಅಧಿಕಾರಿಗಳೆಲ್ಲರೂ ಮುದ್ರೆಯೊತ್ತಿದ ಪುಸ್ತಕಗಳನ್ನೂ ಶಿಲ್ಕನ್ನೂ ತಂದು ಲೆಕ್ಕ ಒಪ್ಪಿಸಬೇಕು. ರಾಜ್ಯಕೋಶಕ್ಕೇ ಇಲ್ಲದ ಗುಟ್ಟು ನಲವತ್ತು ಸಾವಿರ ರೂಪಾಯಿ ಸಂಬಳದ ಗುಮಾಸ್ತನಿಗೆ ಹೇಗೆ ಬಂದಿತೋ! ಈಗಿನ ಆಷಾಢವಾದರೋ ಜವಳಿ ಅಂಗಡಿಗಳ ರಿಯಾಯಿತಿಯ ಮಾಸ. ಎರಡು ಸಾವಿರದ ಸೀರೆಯನ್ನು ಒಂದೂವರೆ ಸಾವಿರಕ್ಕೆ ತಂದು ಐನೂರು ಉಳಿಸಿದೆವೆನ್ನುವವರು ಗಂಡಸರಲ್ಲಿಯೂ ಇದ್ದಾರೆ, ಹೆಂಗಸರಲ್ಲಿಯೂ ಇದ್ದಾರೆ. ಖರ್ಚು ಮಾಡಿ ಉಳಿಸುವ ಈ ವಿದ್ಯೆಯು ಕೌಟಿಲ್ಯನಿಗೂ ತಿಳಿದಿರಲಿಲ್ಲ.

ಗೃಹಿಣಿಗೆ ಲೆಕ್ಕ ತೋರಿಸಿದರೆ ಗುಟ್ಟು ನಿಲ್ಲದು, ಹಣವಿದೆಯೆಂದು ತಿಳಿದರೆ ಖರ್ಚು ಹೆಚ್ಚೀತು ಎಂಬುದು ಮತ್ತೊಂದು ಆಕ್ಷೇಪ. ಇದಕ್ಕೆ ಉತ್ತರವು 2016ರ ನವೆಂಬರ್ 8ರ ರಾತ್ರಿ ದೊರೆಯಿತು. ಐನೂರು, ಸಾವಿರ ರೂಪಾಯಿಯ ನೋಟುಗಳ ಚಲಾವಣೆಯು ಅಂದು ರದ್ದಾದಾಗ ಎಷ್ಟೋ ಮನೆಗಳಲ್ಲಿ ಸಾಸಿವೆಯ ಡಬ್ಬಿಯಿಂದ, ಬೇಳೆಯ ಡಬ್ಬಿಯಿಂದ, ಹಳೆಯ ರೇಷ್ಮೆ ಸೀರೆಯ ಮಡಿಕೆಯಿಂದ ನೋಟುಗಳು ಹೊರಬಿದ್ದವು. ತರಕಾರಿಯಲ್ಲಿ ಎರಡು, ಬಟ್ಟೆಯಲ್ಲಿ ಹತ್ತು ಎಂದು ವರ್ಷಗಟ್ಟಲೆ ಕೂಡಿಟ್ಟ ಹಣ. ಆಗ ಗಂಡಸರು ನಕ್ಕರು, ಕೆಲವರು ಕೋಪಿಸಿದರು, ಕಳ್ಳಗಂಟೆಂದು ಹೆಸರಿಟ್ಟವರೂ ಉಂಟು. ಆ ನಗುವಿನ ನಡುವೆ ಯಾರಿಗೂ ಹೊಳೆಯದ ಸಂಗತಿಯೇನೆಂದರೆ, ಮನೆಯಲ್ಲಿ ನಿಜವಾಗಿ ಉಳಿತಾಯ ಮಾಡಿದವಳು ಆಕೆಯೊಬ್ಬಳೇ ಎಂಬುದು. ಆ ಹಣವನ್ನು ಆಕೆ ಬಚ್ಚಿಟ್ಟದ್ದೇಕೆ? ಕಂಡರೆ ಅದು ಕಂತಿಗೆ ಹೋಗುವುದೆಂದು ಆಕೆಗೆ ಗೊತ್ತಿತ್ತು. ಜಮಾಖರ್ಚಿನ ಪುಸ್ತಕದಲ್ಲಿ ಸ್ಥಾನವಿದ್ದಿದ್ದರೆ ಡಬ್ಬಿಯಲ್ಲಿ ಸ್ಥಾನವನ್ನು ಹುಡುಕಬೇಕಾಗಿರಲಿಲ್ಲ. ಬ್ಯಾಂಕಿನಲ್ಲಿಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತು.

ಡಬ್ಬಿಯ ಮಾತು ಹಾಗಿರಲಿ. ಆಕೆಯ ಮೈಮೇಲಿನ ಬಂಗಾರದ ಗತಿಯೇನು? ಕಷ್ಟಕಾಲಕ್ಕೆಂದು ತಂದೆತಾಯಿಗಳು ಕೊಟ್ಟ ನಾಲ್ಕು ಬಳೆಗಳು ಹೊಸ ಕಾರಿನ ಮುಂಗಡಕ್ಕಾಗಿ ಗಿರವಿ ಅಂಗಡಿಗೆ ಹೋಗುತ್ತವೆ. ಬಿಡಿಸಿಕೊಳ್ಳುವ ದಿನವು ದೂರ ಸರಿಯುತ್ತಲೇ ಇರುತ್ತದೆ. ಸ್ತ್ರೀಧನವನ್ನು ಗಂಡನು ತೆಗೆದುಕೊಂಡು ಹಿಂದಿರುಗಿಸದೆ ಇರಬಹುದಾದ ಸಂದರ್ಭಗಳನ್ನು ಯಾಜ್ಞವಲ್ಕ್ಯನು ಎಣಿಸಿ ಹೇಳಿದ್ದಾನೆ: ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಬಂಧನ. ನಾಲ್ಕೇ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಕಾರಿನ ಮುಂಗಡವು ಈ ನಾಲ್ಕರಲ್ಲಿ ಯಾವುದಕ್ಕೆ ಸೇರುವುದೆಂಬುದನ್ನು ಪಂಡಿತರು ನಿರ್ಣಯಿಸಲಿ. ಸ್ಮೃತಿಯನ್ನು ಒಪ್ಪದವರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿದೆ. ಹಿಂದೂ ಸ್ತ್ರೀಯ ಸ್ವತ್ತಿಗೆ ಆಕೆಯೇ ಪೂರ್ಣ ಒಡತಿಯೆಂದು ಅದು ಹೇಳುತ್ತದೆ.

ಬೆಲೆಗಳು ಏರಿವೆ, ಶಾಲೆಯ ಶುಲ್ಕವೂ ಆಸ್ಪತ್ರೆಯ ಖರ್ಚೂ ಮನೆಬಾಡಿಗೆಯೂ ಹಿಂದಿನಂತಿಲ್ಲ ಎಂಬುದು ನಿಜ. ಆದಾಯವೇ ಸಾಲದ ಮನೆಗೆ ಮಿತವ್ಯಯದ ಉಪದೇಶವನ್ನು ಮಾಡುವುದು ಹಸಿದವನಿಗೆ ಏಕಾದಶಿಯ ಮಹಿಮೆಯನ್ನು ಹೇಳಿದಂತೆ. ಇಲ್ಲಿನ ಮಾತು ಆದಾಯವು ಸಾಲುವಷ್ಟಿದ್ದೂ ತಿಂಗಳ ಇಪ್ಪತ್ತರ ಹೊತ್ತಿಗೆ ಕೈ ಬರಿದಾಗುವ ಮನೆಗಳನ್ನು ಕುರಿತದ್ದು. ಅಂಥ ಮನೆಗಳಲ್ಲಿ ಹಣವು ಸೋರುವ ಸ್ಥಳವು ಅಡಿಗೆಮನೆಯಲ್ಲವೆಂಬುದು ಪುಸ್ತಕವನ್ನು ತೆರೆದ ದಿನವೇ ತಿಳಿಯುವುದು. ಯಜಮಾನನು ಅದನ್ನು ತೆರೆಯದಿರುವುದಕ್ಕೆ ಕಾರಣವೂ ಪ್ರಾಯಶಃ ಅದೇ.

ಬರುವ ಆಷಾಢದ ಹುಣ್ಣಿಮೆಯ ರಾತ್ರಿ ಊಟವಾದ ಮೇಲೆ ಅಂಥ ಗೃಹಸ್ಥನೊಬ್ಬನು ತನ್ನ ವರ್ಷದ ಲೆಕ್ಕವನ್ನು, ಕೈಸಾಲ, ಕಂತು, ಗಿರವಿ ಯಾವುದನ್ನೂ ಬಿಡದೆ, ನಡುಮನೆಗೆ ತಂದಿಡಲಿ. ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಅದನ್ನು ಬಾಬುಬಾಬಾಗಿ ಗಟ್ಟಿಯಾಗಿ ಓದಲಿ. ಹೆಂಡತಿಯೂ ಮುದಿ ತಾಯಿಯೂ ಕುಳಿತು ಕೇಳಲಿ. ಹಾಲಿನ ವಿಚಾರವನ್ನು ಅದಾದ ಮೇಲೆ ಮಾತನಾಡಬಹುದು.