ವಿಮಾನ ಹತ್ತುವ ಅಮ್ಮನಿಗೆ ಸೀರಮ್ ಯಾಕೆ?

ದೂರದ ವಿಮಾನ ಪ್ರಯಾಣದಲ್ಲಿ ಮುಖದ ಕಾಂತಿ ಉಳಿಸಿಕೊಳ್ಳುವುದು ಹೇಗೆ ಅಂತ ಹೇಳುವ ರೀಲ್ಸ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಶೀಟ್ ಮಾಸ್ಕ್, ಸೀರಮ್, ಫೇಸ್ ಮಿಸ್ಟ್. ಹೇಳುವವರಿಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಹದಿನೈದು ಗಂಟೆಗೂ ಮೇಲೆ ವಿಮಾನದಲ್ಲಿ ಕೂರುವವರು ಯಾರು ಅಂತ ಸ್ವಲ್ಪ ಯೋಚಿಸಿ. ಎಂಎಸ್ ಮಾಡಲು ಹೋಗುವ ಸೀನಿಯರ್‌ಗಳು ಒಂದಷ್ಟು. ಇನ್ನೊಂದಷ್ಟು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ಅಮ್ಮಂದಿರು. ಐವತ್ತೈದು, ಅರವತ್ತು ವಯಸ್ಸು. ಶುಗರ್ ಉಂಟು, ಹಿಮ್ಮಡಿ ಮೊದಲೇ ಒಡೆದಿದೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಆರೈಕೆ ನಿಜವಾಗಿ ಬೇಕಾದ್ದು ಇವರ ಚರ್ಮಕ್ಕೆ.

ವಿಷಯ ಏನೆಂದರೆ, 35,000 ಅಡಿ ಎತ್ತರದಲ್ಲಿ ಹೊರಗೆ ಮೈನಸ್ 50 ಡಿಗ್ರಿಯ ಆಸುಪಾಸು. ಅಷ್ಟು ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆ ಗಾಳಿಯನ್ನೇ ಒತ್ತಿ, ಹದ ಮಾಡಿ ಒಳಗೆ ಬಿಡುವುದರಿಂದ ಕ್ಯಾಬಿನ್ನಿನ ಆರ್ದ್ರತೆ ಸಾಮಾನ್ಯವಾಗಿ ಶೇ. 10ರಿಂದ 20. ನಮ್ಮಲ್ಲಿ ಮಳೆಗಾಲದಲ್ಲಿ ಅದು ಶೇ. 90ರ ಹತ್ತಿರ, ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ! ಹಳೆಯ ಮಾದರಿಯ ವಿಮಾನಗಳ ಒಳಗಿನ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. ಕಾರ್ಬನ್ ಫೈಬರ್ ಮೈಯ ಬೋಯಿಂಗ್ 787ರಲ್ಲಿ 6,000 ಅಡಿ, ಹೆಚ್ಚುಕಮ್ಮಿ ನಮ್ಮ ಕುದುರೆಮುಖದ ತುದಿ. ತುಕ್ಕಿನ ಭಯ ಕಡಿಮೆಯಾದ್ದರಿಂದ ಅದರಲ್ಲಿ ತೇವವನ್ನೂ ತುಸು ಹೆಚ್ಚು ಇಡಬಹುದು. ಆದರೂ ಒಣ ಒಣವೇ.

ಇಂಥ ಕಡೆ ಫೇಸ್ ಮಿಸ್ಟ್‌ನಿಂದ ದೊಡ್ಡ ಪ್ರಯೋಜನವಿಲ್ಲ. ಚಿಮುಕಿಸಿದ ನೀರು ಬೇಗ ಆರಿಹೋಗುತ್ತದೆ. ಇದ್ದ ತೇವ ಹೋಗದಂತೆ ಒಂದು ಮುಚ್ಚಳ ಬೇಕು. ಅದಕ್ಕೆ ಮನೆಯ ತೆಂಗಿನೆಣ್ಣೆಯೋ ಮೆಡಿಕಲ್‌ನಲ್ಲಿ ಸಿಗುವ ಪೆಟ್ರೋಲಿಯಂ ಜೆಲ್ಲಿಯೋ ಸಾಕು. ಕೈಕಾಲು ತೊಳೆದು, ಪಸೆ ಆರುವ ಮೊದಲೇ ಹಚ್ಚಬೇಕು. (ಮೊಡವೆ ಇರುವ ನಮ್ಮಂಥವರು ಎಣ್ಣೆಯನ್ನು ಮುಖಕ್ಕೆ ಬಳಿಯಬೇಡಿ ಮಾರಾಯ್ರೆ.) ಬಾಟಲಿ 100 ಮಿಲಿಗಿಂತ ದೊಡ್ಡದಾದರೆ ಸೆಕ್ಯೂರಿಟಿಯಲ್ಲಿ ತೆಗೆದಿಡುತ್ತಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಎಣ್ಣೆ ಗಟ್ಟಿಯಾಗುತ್ತದೆ, ಎಸಿಯಲ್ಲಿ ಬಾಟಲಿ ಮಗುಚಿದರೂ ಹೊರಗೆ ಬರುವುದಿಲ್ಲ. ಅಗಲ ಬಾಯಿಯ ಸಣ್ಣ ಡಬ್ಬಿ ಒಳ್ಳೆಯದು.

ಇಷ್ಟನ್ನು ಯಾರಾದರೂ ಹೇಳುತ್ತಾರೆ. ಯಾರೂ ಹೇಳದ್ದು ಬೇರೆ ಉಂಟು. ಈ ಅಮ್ಮಂದಿರಲ್ಲಿ ಹಲವರು ವಿಮಾನದಲ್ಲಿ ನೀರೇ ಕುಡಿಯುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಮಾತು ಬಂದಾಗ ಒಬ್ಬೊಬ್ಬರ ಮನೆಯಲ್ಲೂ ಇದೇ ಕಥೆ. ಕಾರಣ ಟಾಯ್ಲೆಟ್. ಬಾಗಿಲು ನಡುವೆ ಮಡಚಿಕೊಳ್ಳುತ್ತದೆ, ಅಲ್ಲೇ ಒತ್ತಬೇಕು ಅಂತ ಗೊತ್ತಿಲ್ಲ. ಒಳಗೆ ಹೋದರೆ ಮಂದ ಬೆಳಕು, ಚಿಲಕ ಎಳೆದ ಮೇಲೆಯೇ ದೀಪ ಪೂರ್ತಿ ಉರಿಯುವುದು. ಫ್ಲಶ್ಶಿನ ಸದ್ದಿಗೆ ಎದೆ ಝಲ್ಲೆನ್ನುತ್ತದೆ. ತೊಳೆಯಲು ನೀರಿಲ್ಲ, ಬರೀ ಕಾಗದ. ಎಲ್ಲಕ್ಕಿಂತ ಮೊದಲು ಪಕ್ಕದಲ್ಲಿ ಮಲಗಿದ ಗಂಡಸನ್ನು ಎಬ್ಬಿಸುವ ಸಂಕೋಚ.

ನೀರು ಕುಡಿದ ಮಾತ್ರಕ್ಕೆ ಚರ್ಮ ಹೊಳೆಯುವುದಿಲ್ಲ, ಅದು ನಿಜ. ಆದರೆ ನೀರು ಕುಡಿಯದವರು ಸೀಟಿನಿಂದ ಏಳುವುದೂ ಇಲ್ಲ. ಏಳದಿದ್ದರೆ ಪಾದ ಊದುತ್ತದೆ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಶುಗರ್ ಇದ್ದವರಿಗೆ ಹಿಮ್ಮಡಿಯ ಒಂದು ಬಿರುಕು ಸಾಕು, ಸೋಂಕು ಹತ್ತಲು.

ಅಮ್ಮನಿಗೆ ಸಾವಿರಾರು ರೂಪಾಯಿಯ ಕ್ರೀಮ್ ಕೊಡಿಸುವ ನಮಗೆ, ಟಾಯ್ಲೆಟ್ ಬಾಗಿಲು ತೆಗೆಯುವ ಒಂದು ವಿಡಿಯೋ ತೋರಿಸಲು ಎಂತದು ನಾಚಿಕೆ? ನೀರು ಹಿಡಿಯಲು ಒಂದು ಖಾಲಿ ಬಾಟಲಿ ಬ್ಯಾಗಿಗೆ ಹಾಕಿ. ಬಿಗಿ ಉಂಗುರ, ಬಳೆ ತೆಗೆಸಿ, ಸಡಿಲ ಕಾಲುಚೀಲ ಕೊಡಿ. "ಎಕ್ಸ್‌ಕ್ಯೂಸ್ ಮಿ" ಅಂದರೆ ಯಾರೂ ಬೈಯುವುದಿಲ್ಲ ಅಂತ ಧೈರ್ಯ ಹೇಳಿ. ಸೀಟು ಹೇಗೂ ನಮ್ಮ ಫೋನಿನಿಂದಲೇ ಬುಕ್ ಆಗುವುದು. ಅಮ್ಮನಿಗೆ ಖುಷಿಯಾಗಲಿ ಅಂತ ಕಿಟಕಿ ಪಕ್ಕದ್ದು ಹಿಡಿಯಬೇಡಿ, ಓಡಾಡುವ ದಾರಿಯ ಪಕ್ಕದ್ದು ಹಿಡಿಯಿರಿ. ಕಿಟಕಿ ಬೇಕಾದರೆ ಬಜ್ಪೆಯಿಂದ ಬೆಂಗಳೂರಿನ ತನಕ ಇರಲಿ. ಒಂದು ಗಂಟೆಯ ದಾರಿ, ಮೋಡ ಇಲ್ಲದಿದ್ದರೆ ಘಟ್ಟವೂ ಕಾಣುತ್ತದೆ.