ಗುಲಾಬಿ ಟೈಲ್ಸು ಇರ್ಲಿ, ಹೊಗಿ ಬ್ಯಾಡ

ಹಳೇ ಫ್ಲ್ಯಾಟ್ ಕೊಳ್ಳಲಿಕ್ಕೆ ಹೋದವರೆಲ್ಲಾ ಕಣ್ಣಿಂದ ಮನಿ ನೋಡ್ತಾರ. ನನ್ನ ಕೇಳಿದ್ರ ಮೊದಲ ಮೂಗಿನಿಂದ ನೋಡ್ಬೇಕು. ಗ್ವಾಡಿ ಬಣ್ಣ, ಬಚ್ಚಲದ ಟೈಲ್ಸು, ಅಡಿಗಿಮನಿ ಸನ್‌ಮೈಕಾ ಇವೆಲ್ಲಾ ರೊಕ್ಕ ಕೊಟ್ರ ಬದಲಾಗ್ತಾವ. ಕೆಳಗಿನ ಮನಿಯವರು ಸೇದೋ ಶಿಗರೇಟಿನ ಹೊಗಿ ಎಷ್ಟು ರೊಕ್ಕ ಸುರುವಿದ್ರೂ ನಮ್ಮ ಕೈಯಾಗಿಂದಲ್ಲ. ಇಷ್ಟು ಸಣ್ಣ ಮಾತು. ಆದ್ರ ನಮ್ಮ ಮನಿಯವರಿಗೆ ಇದನ್ನ ಒಪ್ಪಿಸಲಿಕ್ಕೆ ನನಗ ಎರಡು ತಿಂಗಳು ಬೇಕಾತು.

ಮಗಳು-ಅಳಿಯ ಬೆಂಗಳೂರಾಗ ಹತ್ತು ವರ್ಷದಿಂದ ಬಾಡಿಗಿ ಮನ್ಯಾಗ ಇದ್ರು. ಹೊಸಾ ಫ್ಲ್ಯಾಟಿನ ರೇಟು ಕೇಳಿ ಕೇಳಿ ಸಾಕಾಗಿ, ಇಪ್ಪತ್ತು-ಇಪ್ಪತ್ತೈದು ವರ್ಷದ ಹಳೇ ಅಪಾರ್ಟ್‌ಮೆಂಟ್ ನೋಡ್ಲಿಕ್ಕೆ ಸುರು ಮಾಡಿದ್ರು. ಹಳೇದು ಅಂದ ಕೂಡ್ಲೆ ಮೂಗು ಮುರೀಬ್ಯಾಡ್ರಿ. ಖೋಲಿ ದೊಡ್ಡವಿರ್ತಾವ. ಕಟ್ಟಿ ಮುಗಿದು ಒಬ್ಬರು ಇದ್ದ ಮನಿಗೆ ಜಿಎಸ್‌ಟಿ ಕಟ್ಟೋ ಹಂಗಿಲ್ಲ. ನೀರು ದಿನಾ ಬರ್ತದೋ ಟ್ಯಾಂಕರ್ ತರಸ್ತಾರೋ, ಮಳಿಗಾಲದಾಗ ಮ್ಯಾಲಿನ ಮಾಳಿಗಿ ಸೋರ್ತದೋ ಇಲ್ಲೋ, ಅಲ್ಲೇ ಇದ್ದ ಹೆಣ್ಣುಮಕ್ಕಳನ್ನ ಕೇಳಿದ್ರ ಐದು ನಿಮಿಷದಾಗ ತಿಳೀತದ. ಹೊಸಾ ಕಟ್ಟಡದಾಗ ಇದನ್ನ ಯಾರನ್ನ ಕೇಳ್ತೀರಿ? ವಾಚ್‌ಮನ್ನನ್ನ?

ಮೊಮ್ಮಗಳಿಗೆ ಈಗ ಏಳು ವರ್ಷ. ಮೂರು ವರ್ಷದಾಕಿ ಇದ್ದಾಗಿಂದ ಉಬ್ಬಸ. ಥಂಡಿ ದಿನದಾಗ ಹೆಚ್ಚು, ಯಾರರೆ ಬಾಜೂಕ ಕಸಾ ಸುಟ್ರ ಇನ್ನೂ ಹೆಚ್ಚು. ರಾತ್ರಿ ಎರಡು ಗಂಟೆಕ್ಕ ಕೂಸು ಎದ್ದು ಕೂತು, ಹೆಗಲು ಮ್ಯಾಲೆತ್ತಿ ಉಸಿರು ಎಳಕೊಳ್ಳೂದನ್ನ ಒಮ್ಮೆ ನೋಡಿದವರಿಗೆ ಫಾಲ್ಸ್ ಸೀಲಿಂಗಿನ ಚಂದ ಕಣ್ಣಿಗೆ ಹತ್ತೂದಿಲ್ಲ. ಅಳಿಯನೂ ಭಾಳ ಛಲೋ ಹುಡುಗ, ಮಗಳಂದ್ರ ಜೀವ. ಆದ್ರ ಬೆಳ್ಳಗ ಹೊಳಿಯೋ ಮನಿ ಕಂಡ ಕೂಡ್ಲೆ ಅವನ ಮನಸ್ಸು ಅಲ್ಲೇ ಕೂತು ಬಿಡ್ತು.

ಆರು ಮನಿ ನೋಡಿ ಎರಡು ಉಳದ್ವು. ಒಂದು ಮೂರನೇ ಫ್ಲೋರಿನಾಗ, ಎಲ್ಲಾ ಹೊಸದಾಗಿ ಮಾಡಿಸಿದ್ದು. ಬಿಳೀ ಗ್ವಾಡಿ, ಕಟಗಿ ಇದ್ದಂಗ ಕಾಣೋ ಟೈಲ್ಸು, ಎಳದ್ರ ಸದ್ದಿಲ್ಲದ ಮುಚ್ಚಿಕೊಳ್ಳೋ ಡ್ರಾವರು. ಏಜಂಟ್ ಮಹಾಶಯ ಬಾಗಿಲಾ ತಗದ ಕೂಡ್ಲೆ ಲ್ಯಾವೆಂಡರ್ ಘಮ್ಮಂತು. ಎರಡನೇ ಸಲ ಹೋದ್ವಿ, ಮತ್ತ ಲ್ಯಾವೆಂಡರ್. ಎರಡೂ ಸಲ ಮುಂಜಾನೆ ಹನ್ನೊಂದಕ್ಕ ಬರ್ರಿ ಅಂದಿದ್ದ. ಖಾಲೀ ಮನಿಗೆ ಇಷ್ಟು ಅತ್ತರು ಯಾಕ ಹೊಡೀತಾರಪಾ ಅಂತ ನನಗ ಅವಾಗ್ಲೇ ಅನಸ್ತು. ಮನಿ ನೋಡ್ಲಿಕ್ಕೆ ಹೋದಲ್ಲಿ ಭಾಳ ಘಮಾ ಬಂದ್ರ ಕಿಡಕಿ ಎಲ್ಲಾ ಮುಚ್ಚಿಸಿ ಅರ್ಧ ತಾಸು ಕೂಡ್ರಿ. ಘಮಾ ಇಳಿದ ಮ್ಯಾಲೆ ಖರೇ ವಾಸನಿ ಬರ್ತದ.

ನಾವು ಮೂರನೇ ಸಲ ಏಜಂಟಗ ಹೇಳ್ದನ ರಾತ್ರಿ ಎಂಟಕ್ಕ ಹೋಗಿ ಕೆಳಗ ಕಂಪೌಂಡಿನಾಗ ನಿಂತ್ವಿ. ಎರಡನೇ ಫ್ಲೋರಿನ ಬಾಲ್ಕನಿಯಾಗ ಒಬ್ಬ ಹಿರಿಯರು ಕುರ್ಚಿ ಹಾಕ್ಕೊಂಡು ಕೂತಿದ್ರು. ಒಂದು ಮುಗೀತು, ಇನ್ನೊಂದು ಹಚ್ಚಿದ್ರು. ನಾವು ತೊಗೋಬೇಕಂದಿದ್ದ ಮನಿ ಸೀದಾ ಅವರ ತಲಿ ಮ್ಯಾಲೆ. ನಾನು ಮ್ಯಾಲೆ ಹೋಗಿ ಮಾತಾಡ್ಸಿದೆ. ಭಾಳ ಸಭ್ಯ ಮನುಷ್ಯಾ, ರಿಟೈರ್ ಆಗ್ಯಾರ. ಅವರ ಮನಿಯವರಿಗೆ ಹೊಗಿ ಆಗಿ ಬರೂದಿಲ್ಲಂತ, ಅದಕ್ಕ ದಿನಾ ಸಂಜೀಕ ಹೊರಗ ಬಂದು ಸೇದ್ತಾರಂತ. ತಮ್ಮ ಮನ್ಯಾಗಿನ ಹೊಗಿ ತಪ್ಪಿಸಿದ್ದು ಮ್ಯಾಲಿನ ಮನಿಗೆ ಹೋಗ್ತದ ಅನ್ನೂದು ಅವರಿಗೆ ಹೊಳದಿರ್ಲಿಕ್ಕಿಲ್ಲ.

ಇಲ್ಲಿಂದ ನಮ್ಮ ಮನ್ಯಾಗ ವಾದ ಸುರುವಾತು. "ಅತ್ತಿ, ಅವರ ಜೋಡಿ ಮಾತಾಡಿದ್ರಾತು, ಕೇಳ್ತಾರ" ಅಂತ ಅಳಿಯ. "ಬಾಲ್ಕನಿಗೆ ಗಾಜು ಹಾಕಸ್ರಿ" ಅಂತ ನಮ್ಮವರು. "ಬೆಂಗಳೂರಾಗ ರಸ್ತೇದ ಹೊಗಿ ಕಡಿಮಿ ಅದನ?" ಅಂತ ನಮ್ಮ ನೆಗೆಣ್ಣಿ. ಅಕಿ ಫೋನಿನಾಗ ಕೂತು ಎಲ್ಲಾರ ಮನಿ ತೀರ್ಪು ಕೊಡ್ತಾಳ, ಓದಿದ್ರ ಬೈಬ್ಯಾಡವಾ.

ನನ್ನ ಮಾತು ಇಷ್ಟ. ತೊಗೊಂಡ ಮ್ಯಾಲೆ ಮಾತಾಡಬೇಕಾದ ಮಾತನ್ನ ನಂಬಿ ಮನಿ ತೊಗೋಬಾರ್ದು. ಮೂವತ್ತು ವರ್ಷ ಸೇದಿದವರು ಮ್ಯಾಲಿನ ಮನಿಗೆ ಹೊಸದಾಗಿ ಬಂದವರ ಸಲುವಾಗಿ ಬಿಡ್ತಾರಂತ ಯಾರು ಬರದು ಕೊಡ್ತಾರ? ಕಾಯದೇನೂ ಅಲ್ಲಿ ತನಕ ಬರೂದಿಲ್ಲ. ತಂಬಾಕಿನ ಕಾಯದೆ 2003ರದ್ದು, ಸಾರ್ವಜನಿಕ ಜಾಗದಾಗ ಸೇದಬಾರ್ದು ಅನ್ನೋ ಈಗಿನ ನಿಯಮ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. ಬಸ್ ಸ್ಟ್ಯಾಂಡು, ಆಫೀಸು, ದವಾಖಾನಿ ಎಲ್ಲಾ ಅದರೊಳಗ ಬರ್ತಾವ. ತಮ್ಮ ಸ್ವಂತ ಮನ್ಯಾಗ, ತಮ್ಮ ಬಾಲ್ಕನಿಯಾಗ ಸೇದೋರನ್ನ ಅದು ಹಿಡಿಯೂದಿಲ್ಲ. ಅಸೋಸಿಯೇಶನ್ನಿನ ಸೆಕ್ರೆಟರಿ ಒಂದು ಮಾತು ಹೇಳಬಹುದು, ಅಷ್ಟ. ಆಮ್ಯಾಲೆ ದಿನಾ ಲಿಫ್ಟಿನಾಗ ಮುಖಾ ಮುಖಾ ನೋಡ್ಕೊಂಡು ಹೋಗೋರು ನಾವು, ಸೆಕ್ರೆಟರಿ ಅಲ್ಲ.

ಇನ್ನ ಗಾಜಿನ ಮಾತು. ಬಾಲ್ಕನಿ ಮುಚ್ಚಿದ್ರ ಹೊಗಿ ಮುಚ್ಚಿದಂಗ ಆಗೂದಿಲ್ಲ. ಹಳೇ ಅಪಾರ್ಟ್‌ಮೆಂಟಿನಾಗ ಎಲ್ಲಾ ಬಚ್ಚಲದ ಕಿಡಕಿ ಒಂದ ಡಕ್ಟಿಗೆ ತೆರೀತಾವ. ಅದು ನಮ್ಮ ಅಜ್ಜಿ ಮನಿ ಅಡಿಗಿಮನ್ಯಾಗಿನ ಬೆಳಕಿಂಡಿ ಇದ್ದಂಗ. ಕೆಳಗಿನ ಬಿಸಿ ಗಾಳಿ ತಾನ ಮ್ಯಾಲೇರ್ತದ, ಬರೋ ಹಾದ್ಯಾಗ ಯಾವ ಕಿಡಕಿ ತೆರದದ ಅಲ್ಲೆ ಒಳಗ ಹೊಕ್ಕೋತದ. ಮ್ಯಾಲೆ ನಾವು ಅಡಿಗಿಮನಿ ಚಿಮಣಿ ಹಚ್ಚಿ ಎಲ್ಲಾ ಕಿಡಕಿ ಮುಚ್ಚಿದ್ರಂತೂ ಮುಗದ ಹೋತು. ಚಿಮಣಿ ಹೊರಗ ಹಾಕಿದಷ್ಟು ಗಾಳಿ ಎಲ್ಲಿಂದರೆ ಒಳಗ ಬರಬೇಕಲ್ಲ? ಬಚ್ಚಲದಿಂದ, ಮುಂಬಾಗಿಲ ಸಂದಿಯಿಂದ, ಮಂದಿ ಮನಿ ಹೊಗೀನ ನಾವ ಎಳಕೊಂಡಂಗ. ಅದಕ್ಕ ಚಿಮಣಿ ಹಚ್ಚಿದಾಗ ಛಲೋ ಗಾಳಿ ಬರೋ ಕಡೆ ಒಂದು ಕಿಡಕಿ ನಾಕು ಬೆರಳು ತಗದಿಡ್ರಿ. ಬಚ್ಚಲದ ಎಕ್ಸಾಸ್ಟ್ ಫ್ಯಾನಿಗೆ, ಬಂದ್ ಮಾಡಿದಾಗ ತಾನ ಮುಚ್ಚಿಕೊಳ್ಳೋ ರೆಕ್ಕಿ ಇರೋ ಫ್ಯಾನ್ ಹಾಕಸ್ರಿ. ಉಪಯೋಗಿಸ್ದನ ಬಿಟ್ಟ ಬಚ್ಚಲಿದ್ರ ನೆಲದ ಜಾಳಗಿಗೆ ವಾರಕ್ಕೊಮ್ಮೆ ಒಂದು ತಂಬಿಗಿ ನೀರು ಹಾಕ್ರಿ. ಅದರ ಕೆಳಗ ನಿಂತ ನೀರು ಆರಿದ್ರ ಪೈಪಿನ ನಾತ ಎಲ್ಲಾ ಮನಿಯೊಳಗ.

ನಾನು ಆ ಮನ್ಯಾಗ ಒಂದು ಪರೀಕ್ಷಾ ಮಾಡಿದೆ. ಅಡಿಗಿಮನಿ ಚಿಮಣಿ ಹಚ್ಚಿ, ಕಿಡಕಿ ಎಲ್ಲಾ ಮುಚ್ಚಿ, ಪರ್ಸಿನಾಗಿನ ಒಂದು ಊದಿನಕಡ್ಡಿ ಹಚ್ಕೊಂಡು ಬಚ್ಚಲದ ಕಿಡಕಿ ಮುಂದ ಹಿಡದು ನಿಂತೆ. ಹೊಗಿ ಡಕ್ಟಿನ ಕಡೆ ಹೋದ್ರ ಛಲೋ, ನಮ್ಮ ಕಡೆ ಬಾಗಿದ್ರ ಮಂದಿ ಮನಿ ಗಾಳಿ ಒಳಗ ಬರ್ಲಿಕತ್ತದ ಅಂತ ತಿಳೀಬೇಕು. ನನ್ನ ಮುಖದ ಮ್ಯಾಲೇ ಬಂತು. ಏಜಂಟ್ ಹುಡುಗ ನಾನು ಬಚ್ಚಲಕ್ಕ ಪೂಜಿ ಮಾಡ್ಲಿಕತ್ತೀನಿ ಅಂತ ತಿಳದು ಚಪ್ಪಲಿ ಬಿಟ್ಟು ದೂರ ನಿಂತಿದ್ದ, ಪಾಪ.

ಬ್ಯಾರೆಯವರು ಸೇದಿದ ಹೊಗ್ಯಾಗ 7000ಕ್ಕೂ ಹೆಚ್ಚು ರಾಸಾಯನಿಕ ಇರ್ತಾವಂತ. ಡಾಕ್ಟರು ಅಂತೂ ಉಬ್ಬಸದ ಮಕ್ಕಳಿಗೆ ಸ್ವಲ್ಪ ಹೊಗೀನೂ ಹೆಚ್ಚ ಅಂತಾರ. ರಸ್ತೇದ ಹೊಗಿ ಅದ ಅಂತ ಮಲಗೋ ಖೋಲಿಗೂ ಹೊಗಿ ಇರ್ಲಿ ಅನ್ನೂದು ನನಗ ತಿಳಿಯಲಾರದ ಲೆಕ್ಕ.

ಇನ್ನೊಂದು ಮನಿ ಮೇಲಿನ ಫ್ಲೋರಿಂದು, ಕೋಣದ ಮನಿ ಇದ್ದಂಗ ಕಾಣ್ತಿತ್ತು ಅಂದ್ಲು ಮಗಳು. ಖರೇನ, ಚಂದ ಇರ್ಲಿಲ್ಲ. ಹಾಲಿನ ಒಂದು ಗ್ವಾಡಿ ತುಂಬ ಜಲಪಾತದ ವಾಲ್‌ಪೇಪರು, ಅದರ ಒಂದು ಮೂಲಿ ಕಿತ್ತು ಜಲಪಾತ ಸೋಫಾದ ಮ್ಯಾಲೆ ಬೀಳೂ ಹಂಗ ಜೋತಾಡ್ತಿತ್ತು. ಚಾಕೊಲೇಟ್ ಬಣ್ಣದ ಸನ್‌ಮೈಕಾ. ಗಾಜಿನ ಶೋಕೇಸು. ಮ್ಯಾಲೆ ಪಿಓಪಿ ಒಳಗ ದೊಡ್ಡ ಕಮಲ, ಅದರ ನಡುವ ಫ್ಯಾನು. ಬಚ್ಚಲದಾಗ ಗುಲಾಬಿ ಟೈಲ್ಸು, ನಾಕಕ್ಕೊಂದು ಟೈಲ್ಸಿನ ಮ್ಯಾಲೆ ಹೂವಿನ ಗುಚ್ಛ. ಅಡಿಗಿ ಕಟ್ಟಿಗೆ ಕರೀ ಕಡಪಾ ಕಲ್ಲು. ನೆಲಕ್ಕ ಮೊಸಾಯಿಕ್. ಆದ್ರ ಬಚ್ಚಲಕ್ಕ ಡಕ್ಟ್ ಇಲ್ಲ, ಕಿಡಕಿ ಸೀದಾ ಹೊರಗ ತೆರೀತಿತ್ತು. ಮುಂಜಾನೆ, ಸಂಜೀಕ, ರಾತ್ರಿ, ಒಂದು ಆಯಿತವಾರ, ಹಿಂಗ ನಾಕು ಸಲ ಹೋದೆ. ನಾಕೂ ಸಲ ಬಾಜೂ ಮನಿ ಒಗ್ಗರಣಿ ವಾಸನಿ ಬಿಟ್ರ ಏನೂ ಬರ್ಲಿಲ್ಲ.

ಆ ಚಂದಿಲ್ಲದ್ದು ನಮಗ ಅನುಕೂಲನ ಆತು ನೋಡ್ರಿ. ಬ್ಯಾರೆಯವರು ಜಲಪಾತ ನೋಡಿ ವಾಪಸ್ ಹೋಗಿದ್ರು, ಮನಿ ಎಂಟು ತಿಂಗಳಿಂದ ಹಂಗ ನಿಂತಿತ್ತು. ಮಾರೋರು ರೇಟು ಇಳಿಸಿದ್ರು. ಚಂದ ಮಾಡಿಸಿದ ಮನಿಗೆ ಬ್ಯಾರೆಯವರ ಅಭಿರುಚಿಗೂ ನಾವ ರೊಕ್ಕ ಕೊಡಬೇಕು, ಅದಕ್ಕ ಬ್ಯಾಂಕಿಗೆ ಇಪ್ಪತ್ತು ವರ್ಷ ಬಡ್ಡಿ.

ಆದ್ರ ಹಳೇ ಅಲಂಕಾರ ಕಂಡ ಕೂಡ್ಲೆ ಹಾರಿ ತೊಗೊಂಡು ಬಡೀಲಿಕ್ಕೆ ಸುರು ಮಾಡೂದೂ ನನಗ ಸೇರೂದಿಲ್ಲ. ಕಣ್ಣಿಗೆ ಕಾಣದ್ದಕ್ಕ ಮೊದಲ ರೊಕ್ಕ ಹಾಕ್ರಿ. ಹಳೇ ಕಬ್ಬಿಣದ ಪೈಪು ಒಳಗ ತುಕ್ಕು ಹಿಡದು ನೀರು ಸಣ್ಣಗ ಬರ್ತಿರ್ತದ. ವಾಯರಿಂಗ್ ಇಪ್ಪತ್ತೈದು ವರ್ಷದ ಹಿಂದಿನ ಮಂದಿಯ ಸಲುವಾಗಿ ಹಾಕಿದ್ದು, ಆಗ ಮನಿಗೊಂದು ಗೀಜರ್ ಇದ್ರ ದೊಡ್ಡ ಮಾತು. ಈಗ ಎಸಿ, ಓವನ್, ಇಂಡಕ್ಷನ್. ಅರ್ಥಿಂಗ್ ಖರೇನ ಅದನೋ ಇಲ್ಲೋ ಅಂತ ಎಲೆಕ್ಟ್ರಿಶಿಯನ್ ಕಡಿಂದ ಪರೀಕ್ಷಾ ಮಾಡಸ್ರಿ. ಶಾಕ್ ಹೊಡದ ಕೂಡ್ಲೆ ಕರೆಂಟ್ ಬಂದ್ ಮಾಡೋ ಇಎಲ್‌ಸಿಬಿ ಇರ್ಲಿಲ್ಲಂದ್ರ ಹಾಕಸ್ರಿ. ಇವನ್ನ ಗೃಹಪ್ರವೇಶಕ್ಕ ಬಂದವರು ಯಾರೂ ಹೊಗಳೂದಿಲ್ಲ, ಇರ್ಲಿ.

ಗುಲಾಬಿ ಟೈಲ್ಸನ್ನ ನಾವು ಮುಟ್ಟಲಿಲ್ಲ. ಬಳಗದವರು ಎಲ್ಲಾರೂ ಬಂದು ನಕ್ಕು ಹೋದ್ರು. ನಗ್ಲಿ. ನಾನು ಒಂದೊಂದಕ್ಕೂ ನಾಣ್ಯ ಬಡದು ನೋಡೀನಿ, ಎಲ್ಲೂ ಪೊಳ್ಳು ಸದ್ದಿಲ್ಲ, ಕೆಳಗಿನ ಮನಿ ಸೀಲಿಂಗಿಗೂ ಹನಿ ಇಲ್ಲ. ಬಚ್ಚಲದ ನೆಲ ಒಡದ್ರ ಅದರ ಕೆಳಗಿನ ನೀರು ತಡಿಯೋ ಪದರನೂ ಒಡೀತದ. ಅದನ್ನ ಮತ್ತ ಸರಿಯಾಗಿ ಮಾಡಿಸ್ಲಿಲ್ಲಂದ್ರ ಕೆಳಗಿನವರ ಮನ್ಯಾಗ ಸೋರ್ತದ, ಆಗ ಕೆಟ್ಟ ನೆರೆಯವರು ನಾವ. ಬಿಳೀ ಬಕೀಟು, ಬಿಳೀ ಪಡದೆ ಹಾಕಿದ್ರ ಗುಲಾಬಿ ಬಣ್ಣ ಅಷ್ಟೇನ ಕಣ್ಣಿಗೆ ಚುಚ್ಚೂದಿಲ್ಲ. ವಾಲ್‌ಪೇಪರ್ ಮಾತ್ರ ಮೊದಲ ದಿನಾನ ಕಿತ್ತಿಸಿದೆ, ಹಿಂದ ಬುರಸು ಹಿಡದಿತ್ತು. ಉಬ್ಬಸಕ್ಕ ಬುರಸೂ ವೈರಿನ. ಅದನ್ನ ತೊಳದು ಒಣಗಿಸಿ, ಹಸಿ ಎಲ್ಲಿಂದ ಬರ್ತದ ಅಂತ ಹುಡುಕಿ, ಆಮ್ಯಾಲೆ ಬಣ್ಣ. ಕೆಲಸ ನಡದಷ್ಟು ದಿನಾ ಮೊಮ್ಮಗಳು ನಮ್ಮ ಜೋಡಿ ಧಾರವಾಡದಾಗ ಇದ್ಲು.

ಹಂಗ ಮಾರೋರೇ ಸೇದ್ತಿದ್ರ ಹೆದರಬ್ಯಾಡ್ರಿ, ಅದು ನೆರೆಯವರ ಹೊಗಿಯಂಥಾ ಸಮಸ್ಯಾ ಅಲ್ಲ. ಹಸೀ ಬಿಳೀ ಅರಿವಿಯಿಂದ ಕಪಾಟಿನ ಮ್ಯಾಲೆ, ಫ್ಯಾನಿನ ರೆಕ್ಕಿ ಹಿಂದ ಒರಸಿ ನೋಡ್ರಿ, ಹಳದಿ ಅಂಟು ಹತ್ತಿದ್ರ ಗೊತ್ತಾಗ್ತದ. ಅದರ ಮ್ಯಾಲೆ ಸುಮ್ನ ಬಣ್ಣಾ ಬಳದ್ರ ಕಲಿ ಮತ್ತ ಹೊರಗ ಬರ್ತದ. ಮೊದಲ ಸಾಬೂನು ನೀರಿಲೆ ಗ್ವಾಡಿ ತೊಳೀಬೇಕು, ಆಮ್ಯಾಲೆ ಎಣ್ಣಿ ಪ್ರೈಮರ್, ಅದರ ಮ್ಯಾಲೆ ಬಣ್ಣ. ಅವರು ಬಿಟ್ಟು ಹೋದ ಪಡದೆ, ಗಾದಿ ಯಾವುದೂ ಇಟ್ಕೋಬ್ಯಾಡ್ರಿ, ಪುಕ್ಕಟೆ ಕೊಟ್ರೂ.

ಹೊಸಾ ಮನ್ಯಾಗೂ ಒಂದು ಹೊಗಿ ಆಮ್ಯಾಲೆ ಬಂತು. ಎದುರಿನ ಮನಿ ಅಮ್ಮ ಶುಕ್ರವಾರ ಬಾಗಿಲ ಮುಂದ ಲೋಬಾನ ಹಾಕ್ತಾರ. ದೇವರ ಹೊಗಿ ಗಂಟಲಿಗೆ ಹತ್ತೂದಿಲ್ಲ ಅಂತ ನಮ್ಮ ಮಂದಿ ತಿಳಕೊಂಡಾರ. ಶ್ವಾಸಕೋಶಕ್ಕ ಅದು ಗೊತ್ತಾಗೂದಿಲ್ಲವಾ, ಊದಿನಕಡ್ಡಿ ಹೊಗಿಯೊಳಗೂ ಸಣ್ಣ ಕಣ ಇರ್ತಾವ. ಮಗಳಿಗೆ ನಾನು ಅಸೋಸಿಯೇಶನ್ ವಾಟ್ಸಾಪಿನಾಗ ಒಂದಕ್ಷರಾನೂ ಬರೀಬ್ಯಾಡ ಅಂದೆ. ಸಂಕ್ರಾಂತಿಗೆ ಕುಸುರೆಳ್ಳು ತೊಗೊಂಡು, ಮೊಮ್ಮಗಳನ್ನ ಕರಕೊಂಡು ಹೋಗಿ, ನಮ್ಮ ಹುಡುಗಿಗೆ ಹಿಂಗದ ಅಂತಷ್ಟ ಹೇಳಿದೆ. "ಅಯ್ಯೋ, ಮೊದಲೇ ಹೇಳ್ಬಾರ್ದೇನ್ರೀ" ಅಂದ್ರು. ಈಗ ತಮ್ಮ ಬಾಲ್ಕನಿಯಾಗ ಹಾಕ್ತಾರ, ಅದು ಆ ಕಡೆ ಹೋಗ್ತದ. ನಮ್ಮ ದೇವರಮನ್ಯಾಗೂ ಈಗ ತುಪ್ಪದ ದೀಪ ಒಂದ. ಒಣ ಮೆಣಸಿನಕಾಯಿ ಹುರಿಯೋ ಮುಂದ ಮುಂಬಾಗಿಲಾ ಮುಚ್ಚಿ ಅಂತ ಮಗಳಿಗೆ ತಾಕೀತು ಮಾಡೀನಿ, ಎದುರಿನವರೂ ಕೆಮ್ಮಬಾರ್ದಲ್ಲ.

ಇನ್ನ ಮೊಸಾಯಿಕ್ ಒಡೀಬೇಕಂತ ವಿಚಾರ ಮಾಡೋರಿಗೆ ಒಂದು ಮಾತು. ಒಡೀಬ್ಯಾಡ್ರಿ, ಪಾಲಿಶ್ ಮಾಡಸ್ರಿ, ಮೂರ್ನಾಕು ಸಲ ಕಲ್ಲು ಹೊಡದ್ರ ಕನ್ನಡಿ ಇದ್ದಂಗ ಆಗ್ತದ. ಆದ್ರ ಗ್ವಾಡಿಗೆ ಕಡೀ ಕೋಟ್ ಬಣ್ಣಾ ಹಚ್ಚೋಕಿಂತ ಮೊದಲ ಮಾಡಸ್ರಿ. ಮಿಶನ್ನಿನ ಬೂದಿ ಬಣ್ಣದ ರಾಡಿ ನೀರು ಗ್ವಾಡಿಗೆ ಸಿಡೀತದ, ಆ ರಾಡೀನ ಮೋರಿಗೆ ಬಿಡಬ್ಯಾಡ್ರಿ, ಪೈಪಿನಾಗ ಗಟ್ಟಿ ಕೂಡ್ತದ. ಬಕೀಟಿನಾಗ ತುಂಬಿಸಿ ಕೆಳಗ ಒಯ್ಯಲಿಕ್ಕೆ ಹೇಳ್ರಿ, ಅದನ್ನ ಕೂಲಿ ಮಾತಾಡೋ ಮುಂದನ ಮಾತಾಡ್ಕೋರಿ.